ಓದುಗರೊಡನೆ: ಕೆರೆಯ ದಂಡೆಯ ಬಂಗಾರದ ಬಟ್ಟಲು

ಕಳೆದ ಸಂಚಿಕೆಯಲ್ಲಿ ಅಚ್ಚಾದ ಮೂರು ಕವಿತೆಗಳೂ ಅಗಲಿದ ಒಲವಿನಿಂದ ಶುರುವಾಗಿ ಸ್ಮಶಾನದಲ್ಲಿ ಮುಗಿದಿದ್ದವು. ಅದು ಬೇಕೆಂದು ಮಾಡಿದ್ದಲ್ಲ. ಆ ತಿಂಗಳು ಬಂದವುಗಳಲ್ಲಿ ಎರಡನೆಯ ಸಲ ಓದಿಸಿಕೊಂಡವು ಅವು ಮೂರೇ. ಅವನ್ನು ಓದಿದ ಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಮೆಚ್ಚುಗೆಯೂ ಇದೆ, ಬೇಸರವೂ ಇದೆ, ಬೈಗುಳವೂ ಒಂದೆರಡಿವೆ. ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಕೇಳಿದವರ ಹೆಸರು ಬಿಟ್ಟು ಊರನ್ನು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಮೂರು ವರ್ಷಗಳಿಂದ ಬರೆದದ್ದೆಲ್ಲ ಕಳೆದುಹೋದ ಪ್ರೀತಿ ಮತ್ತು ಸಾವಿನ ಕುರಿತೇ ಇದೆ. ಗೆಳತಿಯರು ಓದಿ ಅಳುತ್ತಾರೆ, ಪತ್ರಿಕೆಗಳು ಮಾತ್ರ ಹಿಂದಕ್ಕೆ ಕಳಿಸುತ್ತವೆ. ಒಂದು ಕವಿತೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಕೊರತೆ ಏನೆಂದು ತಿಳಿಸುವಿರಾ? (ಸಿಂಧನೂರು)

ಉತ್ತರ: ನಿಮ್ಮ ಇಪ್ಪತ್ತೆರಡು ಸಾಲುಗಳಲ್ಲಿ ‘ಕತ್ತಲು’ ಆರು ಸಲ, ‘ಗೋರಿ’ ನಾಲ್ಕು ಸಲ, ‘ರಕ್ತ’ ಮೂರು ಸಲ ಬಂದಿದೆ. ಇಂಥ ಶಬ್ದಗಳು ಓದುವವನಿಗೆ ಏನನ್ನಿಸಬೇಕು ಎಂಬುದನ್ನು ಮೊದಲೇ ಹೇಳಿ ಮುಗಿಸುವುದರಿಂದ, ಅವನಿಗೆ ತಾನಾಗಿ ಅನ್ನಿಸುವುದಕ್ಕೆ ಏನೂ ಉಳಿಯುವುದಿಲ್ಲ. ಗೆಳತಿಯರು ಅತ್ತದ್ದು ನಿಮ್ಮನ್ನು ಬಲ್ಲವರಾದ್ದರಿಂದ. ಸಂಪಾದಕನಿಗೆ ನಿಮ್ಮ ಪರಿಚಯವಿರುವುದಿಲ್ಲ.

ಆದರೆ ಹದಿನೇಳನೆಯ ಸಾಲಿಗೆ ಬಂದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ: ‘ಕಾಲುವೆಗೆ ನೀರು ಬಿಟ್ಟರು, ನೀನು ಬರುತ್ತಿದ್ದ ದಾರಿ ಈಗ ನೀರಿನ ಕೆಳಗಿದೆ.’ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಒಣಗಿದ ಉಪಕಾಲುವೆಯ ತಳವೇ ಜನರಿಗೆ ಕಾಲುದಾರಿ. ನೀರು ಬಂದ ದಿನ ಸೇತುವೆ ಹುಡುಕಿಕೊಂಡು ಸುತ್ತಿ ಹೋಗಬೇಕು. ಭತ್ತದ ಸಸಿ ಹಚ್ಚುವವರಿಗೆಲ್ಲ ಹಿಗ್ಗು ತಂದ ಅದೇ ನೀರು ಒಬ್ಬಳಿಗೆ ಮಾತ್ರ ಒಂದು ದಾರಿಯನ್ನು ಮುಚ್ಚಿತು ಎನ್ನುವಲ್ಲಿ, ಆತ ಸತ್ತನೋ ಬಿಟ್ಟುಹೋದನೋ ಎಂಬುದು ತಿಳಿಯದೆಯೂ ನನಗೆ ಸಂಕಟವಾಯಿತು. ನಿಮ್ಮ ಕವಿತೆ ಇದೇ ಸಾಲು. ಉಳಿದ ಇಪ್ಪತ್ತೊಂದು ಸಾಲುಗಳು ಈ ಒಂದು ಸಾಲಿನ ಮೇಲೆ ಕುಳಿತಿವೆ.

‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯನ್ನು ನೀವು ಶಾಲೆಯಲ್ಲಿ ಓದಿರಬಹುದು. ಪರೀಕ್ಷೆಯ ಭಯವಿಲ್ಲದೆ ಇನ್ನೊಮ್ಮೆ ಓದಿರಿ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬೀಳುವುದಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ಮನೆಯವರು ನಿಶ್ಚಯಿಸುತ್ತಾರೆ. ಗಂಗೆಪೂಜೆ ಮುಗಿಸಿ ಎಲ್ಲರೂ ಹಿಂದಿರುಗುವಾಗ ಬಂಗಾರದ ಬಟ್ಟಲನ್ನು ಕೆರೆಯಲ್ಲೇ ಬಿಟ್ಟು ಬಂದಿರುತ್ತಾರೆ, ಅದನ್ನು ತರಲು ಭಾಗೀರಥಿ ಹೋಗುತ್ತಾಳೆ, ಒಂದೊಂದು ಮೆಟ್ಟಿಲಿಗೂ ನೀರು ಮೇಲೇರುತ್ತದೆ. ಹಾಡಿದವರು ಅಲ್ಲಿ ‘ಅಯ್ಯೋ’ ಎನ್ನುವುದಿಲ್ಲ, ಮೆಟ್ಟಿಲು ಎಣಿಸುತ್ತಾರೆ. ಆಮೇಲೆ ದಂಡಿನಲ್ಲಿದ್ದ ಗಂಡ ಮಹಾದೇವರಾಯ ಬರುತ್ತಾನೆ, ಹೆಂಡತಿ ಎಲ್ಲಿ ಎಂದು ಕೇಳುತ್ತಾನೆ. ಮನೆಯವರು ಅವಳ ತವರಿನ ಕಡೆಗೆ, ತವರಿನವರು ಗೆಳತಿಯ ಮನೆಯ ಕಡೆಗೆ ಬೆರಳು ತೋರಿಸುತ್ತಾರೆ. ನಿಜ ಹೇಳುವವಳು ಗೆಳತಿಯೊಬ್ಬಳೇ. ಆತ ಕೆರೆಗೆ ಹೋಗಿ ಹಾರಿಕೊಳ್ಳುತ್ತಾನೆ. ಇಡೀ ಹಾಡನ್ನು ಹೊತ್ತು ನಿಂತದ್ದು ಆ ಬಟ್ಟಲು. ಬೇಂದ್ರೆಯವರು ಮಗುವಿನ ಸಾವಿನ ಬಳಿಕ ಬರೆದ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯಲ್ಲಿಯೂ ಕವಿಯ ಕಣ್ಣು ನೆಟ್ಟಿರುವುದು ತೀರಿಹೋದ ಮಗುವಿನ ಮೇಲಲ್ಲ, ತನ್ನನ್ನೇ ನೋಡುತ್ತಿರುವ ಹೆಂಡತಿಯ ಮುಖದ ಮೇಲೆ.

ಹದಿನೇಳನೆಯ ಸಾಲನ್ನು ಮೊದಲನೆಯದಾಗಿ ಇಟ್ಟುಕೊಂಡು, ಮೇಲೆ ಹೇಳಿದ ಮೂರು ಶಬ್ದಗಳನ್ನು ಒಮ್ಮೆಯೂ ಬಳಸದೆ, ಹೊಸದಾಗಿ ಬರೆದು ಕಳಿಸಿರಿ.

ಪ್ರಶ್ನೆ: ನಿವೃತ್ತ ಶಿಕ್ಷಕನಾಗಿ ಕೇಳುತ್ತೇನೆ. ಸತ್ತ ಪ್ರೇಯಸಿ, ಕಾಗೆ, ಗೂಬೆ, ಕಡುಗತ್ತಲೆ, ಇವೆಲ್ಲ ಪಶ್ಚಿಮದ ಹುಚ್ಚಲ್ಲವೇ? ನಮ್ಮ ಪರಂಪರೆಯಲ್ಲಿ ಇಂಥ ಕಾವ್ಯ ಎಲ್ಲಿತ್ತು? (ಲಿಂಗಸುಗೂರು)

ಉತ್ತರ: ಗುರುಗಳೇ, ಅರ್ಧ ಒಪ್ಪುತ್ತೇನೆ. ಈಗ ಕತ್ತಲ ಕಾವ್ಯವೆಂದು ಕರೆಯುವ ಬಗೆಗೆ ರೂಢಿಯ ರೂಪ ಕೊಟ್ಟವರಲ್ಲಿ ಅಮೆರಿಕದ ಎಡ್ಗರ್ ಆಲನ್ ಪೋ ಮುಂಚೂಣಿಯಲ್ಲಿದ್ದಾನೆ. 1809ರಲ್ಲಿ ಹುಟ್ಟಿದ ಆತನಿಗೆ ಮೂರು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. 1845ರಲ್ಲಿ ‘ದಿ ರೇವನ್’ ಎಂಬ ಕವಿತೆ ಅವನಿಗೆ ಹೆಸರು ತಂದಿತು. ಪ್ರೇಯಸಿಯನ್ನು ಕಳೆದುಕೊಂಡವನ ಕೋಣೆಗೆ ನಡುರಾತ್ರಿ ಒಂದು ಕಾಗೆಜಾತಿಯ ಹಕ್ಕಿ ಬಂದು, ಏನು ಕೇಳಿದರೂ ‘ಇನ್ನೆಂದಿಗೂ ಇಲ್ಲ’ ಎಂಬ ಒಂದೇ ಉತ್ತರವನ್ನು ಕೊಡುವ ಕವಿತೆ ಅದು. ಮರುವರ್ಷ ಬರೆದ ಪ್ರಬಂಧದಲ್ಲಿ ಪೋ, ಸುಂದರಿಯೊಬ್ಬಳ ಸಾವು ಜಗತ್ತಿನಲ್ಲೇ ಅತ್ಯಂತ ಕಾವ್ಯಮಯವಾದ ವಸ್ತು, ಅದನ್ನು ಹೇಳಲು ಅವಳನ್ನು ಕಳೆದುಕೊಂಡ ಪ್ರಿಯನೇ ತಕ್ಕವನು ಎಂದು ವಾದಿಸಿದ. ಹಾಗೆ ಬರೆಯುವಾಗ ಅವನ ಹೆಂಡತಿ ವರ್ಜೀನಿಯಾ ಕ್ಷಯದಿಂದ ನರಳುತ್ತಿದ್ದಳು. 1847ರ ಜನವರಿಯಲ್ಲಿ ಇಪ್ಪತ್ನಾಲ್ಕರ ವಯಸ್ಸಿನಲ್ಲಿ ತೀರಿಕೊಂಡಳು. ಪೋನನ್ನು ಫ್ರೆಂಚಿಗೆ ತಂದವನು ಬೋದಿಲೇರ್. ಆತನ ಸ್ವಂತ ಸಂಕಲನ 1857ರಲ್ಲಿ ಹೊರಬಂದಾಗ ನ್ಯಾಯಾಲಯ ಆರು ಕವಿತೆಗಳನ್ನು ತೆಗೆಸಿಹಾಕಿತು. ಆ ಸಂಕಲನವೇ ಪಿ. ಲಂಕೇಶರ ಕೈಯಲ್ಲಿ ಕನ್ನಡದ ‘ಪಾಪದ ಹೂಗಳು’ ಆಯಿತು. ಹೀಗೆ ಈ ಹುಚ್ಚು ನಮ್ಮಲ್ಲಿಗೆ ಬಂದ ದಾರಿಗಳಲ್ಲಿ ಒಂದು ಸ್ಪಷ್ಟವಾಗಿಯೇ ಕಾಣುತ್ತದೆ.

ಆದರೆ ಒಲವನ್ನೂ ಸಾವನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸಿದವರು ಅವರೇ ಮೊದಲಿಗರಲ್ಲ. ಪಂಪನ ಆದಿಪುರಾಣ 941ರದು. ಅದರಲ್ಲಿ ಶ್ರೀಮತಿ ಮತ್ತು ವಜ್ರಜಂಘ ಎಂಬ ದಂಪತಿ ಯುದ್ಧದಿಂದಲೋ ರೋಗದಿಂದಲೋ ಶಾಪದಿಂದಲೋ ಸಾಯುವುದಿಲ್ಲ. ಶಯನಗೃಹಕ್ಕೆ ಸುಗಂಧಕ್ಕೆಂದು ಹಾಕಿದ ಕಾಳಾಗರುವಿನ ಹೊಗೆ ಹೊರಗೆ ಹೋಗಲು ಕಿಟಕಿ ತೆರೆಯುವುದನ್ನು ಪರಿಚಾರಕರು ಮರೆಯುತ್ತಾರೆ. ಅಪ್ಪಿಕೊಂಡು ಮಲಗಿದ್ದ ಇಬ್ಬರೂ ಹಾಗೆಯೇ ಉಸಿರುಗಟ್ಟುತ್ತಾರೆ. ಭೋಗಕ್ಕೆಂದು ತಂದದ್ದೇ ಪ್ರಾಣ ತೆಗೆಯಿತು. ನಾನು ಇದನ್ನು ಪಾಠ ಮಾಡುತ್ತಿದ್ದ ದಿನಗಳಲ್ಲಿ, ತರಗತಿಯ ಹಿಂದಿನ ಬೆಂಚಿನವರೂ ಈ ಕಿಟಕಿಯ ಹತ್ತಿರ ಬಂದಾಗ ಸುಮ್ಮನಾಗುತ್ತಿದ್ದರು. ಇಂಗ್ಲಿಷಿನವರು ಬರೆದ ಯಾವ ಪಾಳು ಕೋಟೆಯ ಕಥೆಯೂ ನನ್ನನ್ನು ಅಷ್ಟು ಹೆದರಿಸಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಪೋನ ಹೆಣ್ಣುಗಳು ಸತ್ತಿರುತ್ತಾರೆ ಮತ್ತು ಮಾತನಾಡುವುದಿಲ್ಲ. ಅಳುವ ಹಕ್ಕೂ ಹಾಡುವ ಹಕ್ಕೂ ಗಂಡಿನದೇ. ನಮ್ಮಲ್ಲಿ ಕಾಳಿದಾಸ ಎರಡೂ ಕಡೆಯವರ ಬಾಯಿ ಬಿಡಿಸಿದ. ರಘುವಂಶದ ಎಂಟನೆಯ ಸರ್ಗದಲ್ಲಿ ಇಂದುಮತಿಗಾಗಿ ಅಜ ಅಳುತ್ತಾನೆ, ಕುಮಾರಸಂಭವದ ನಾಲ್ಕನೆಯ ಸರ್ಗದಲ್ಲಿ ಬೂದಿಯಾದ ಕಾಮನಿಗಾಗಿ ರತಿ ಅಳುತ್ತಾಳೆ, ಇಬ್ಬರಿಗೂ ವಿಯೋಗಿನಿ ಎಂಬ ಒಂದೇ ವೃತ್ತ. ಅಕ್ಕಮಹಾದೇವಿಯಂತೂ ಸಾವನ್ನೇ ಗಂಡನ ಅರ್ಹತೆಯ ಪರೀಕ್ಷೆಯಾಗಿ ಮಾಡಿದಳು: ತಾನು ಒಲಿದದ್ದು ‘ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವಂಗೆ’; ಸಾಯುವ, ಕೆಡುವ ಗಂಡರನ್ನು ಒಲೆಗೆ ಹಾಕು ಎಂದು ತಾಯಿಗೆ ಹೇಳುತ್ತಾಳೆ. ಇದಕ್ಕಿಂತ ಕಪ್ಪಾದ ಪ್ರೇಮದ ಮಾತನ್ನು ನಾನು ಎಲ್ಲಿಯೂ ಓದಿಲ್ಲ.

ನಿಮ್ಮದೇ ತಾಲ್ಲೂಕಿನ ಮುದಗಲ್ಲಿನ ಮೊಹರಮ್ಮನ್ನೂ ಮರೆಯಬೇಡಿ. 680ರಲ್ಲಿ ಪೈಗಂಬರರ ಮೊಮ್ಮಗ ಹುಸೇನರು ಮಡಿದ ಕರ್ಬಲಾ ಕಾಳಗದ ದುಃಖವನ್ನು ನಮ್ಮ ಜನ ರಿವಾಯತ್ ಪದಗಳಾಗಿ ಕನ್ನಡದಲ್ಲೇ ಹಾಡುತ್ತಾರೆ. ಮೈಗೆ ಅರಿಸಿನ ಹಚ್ಚಿಕೊಂಡೇ ಕಾಳಗಕ್ಕೆ ಹೋದ ಮದುಮಗ ಖಾಸಿಮನ ಕಥೆ ಈ ಶೋಕಪರಂಪರೆಯ ಎದೆ ಹಿಂಡುವ ಭಾಗ. ಮೊಹರಮ್ಮಿನ ಬೆಂಕಿಯ ಗುಂಡಿಯಾದ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ಯಾವ ಪಶ್ಚಿಮದಿಂದಲೂ ಅದನ್ನು ಕಲಿತವರಲ್ಲ.

ಪ್ರಶ್ನೆ: ನನ್ನನ್ನು ಬಿಟ್ಟುಹೋದವಳು ಬಳ್ಳಾರಿಯಲ್ಲೇ ಇದ್ದಾಳೆ, ಮದುವೆಯಾಗಿ ಎರಡು ವರ್ಷವಾಯಿತು. ನನ್ನ ಕವಿತೆಯಲ್ಲಿ ಅವಳು ಸತ್ತಿದ್ದಾಳೆ. ಹೀಗೆ ಬರೆಯುವುದು ತಪ್ಪೇ? (ಸಿರುಗುಪ್ಪ)

ಉತ್ತರ: ಕಾನೂನಿನ ಪ್ರಕಾರ ತಪ್ಪಲ್ಲ, ಹೆಸರು ಹಾಕದಿದ್ದರೆ. ಕಾವ್ಯದ ಲೆಕ್ಕದಲ್ಲಿ ನೀವು ಕಷ್ಟದ ದುಃಖವನ್ನು ಬಿಟ್ಟು ಸುಲಭದ್ದನ್ನು ಹಿಡಿದಿದ್ದೀರಿ.

ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಇದೇ ತೊಡಕು ಬರುತ್ತದೆ. ಅಗಲಿಕೆಯ ಶೃಂಗಾರವಾದ ವಿಪ್ರಲಂಭದಲ್ಲಿಯೂ ಕಣ್ಣೀರು, ಚಿಂತೆ, ನಿಟ್ಟುಸಿರುಗಳಿವೆ, ಕರುಣರಸದಲ್ಲಿಯೂ ಇವೆ. ಹಾಗಿದ್ದರೆ ವ್ಯತ್ಯಾಸವೇನು? ಭರತನ ಉತ್ತರ ಎರಡೇ ಶಬ್ದಗಳದ್ದು: ವಿಪ್ರಲಂಭ ಸಾಪೇಕ್ಷ, ಕರುಣ ನಿರಪೇಕ್ಷ. ಒಂದರಲ್ಲಿ ಮತ್ತೆ ಸಿಗಬಹುದೆಂಬ ನಿರೀಕ್ಷೆಯ ಎಳೆ ಉಳಿದಿರುತ್ತದೆ, ಇನ್ನೊಂದರಲ್ಲಿ ಅದು ಕಡಿದಿರುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡ ಸ್ಥಿತಿಯನ್ನು ಮುಂದಿನ ಆಲಂಕಾರಿಕರು ಕರುಣವಿಪ್ರಲಂಭ ಎಂದರು. ರತಿಗೆ ಆಕಾಶವಾಣಿ ಕೇಳಿಸಿ, ಗಂಡ ಮರಳಿ ಸಿಗುವನೆಂಬ ಭರವಸೆ ಸಿಕ್ಕ ಕ್ಷಣದಲ್ಲಿ ಅವಳ ಅಳುವಿನ ಜಾತಿಯೇ ಬದಲಾಗುತ್ತದೆ.

ಈಗ ನಿಮ್ಮ ಸಂಗತಿಯನ್ನು ನೋಡಿರಿ. ಆಕೆ ಬದುಕಿದ್ದಾಳೆ, ಆದ್ದರಿಂದ ಶಾಸ್ತ್ರದ ಪ್ರಕಾರ ಎಳೆ ಕಡಿದಿಲ್ಲ. ಆದರೆ ನಿರೀಕ್ಷಿಸುವ ಹಕ್ಕು ನಿಮಗಿಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸು ಹತ್ತಿದರೆ ಎರಡು ಗಂಟೆಯೊಳಗೆ ಮುಟ್ಟುವ ದೂರದಲ್ಲಿ ಆಕೆ ಯಾವುದೋ ಅಂಗಡಿಯಲ್ಲಿ ಸೊಪ್ಪಿನ ಬೆಲೆ ಚೌಕಾಸಿ ಮಾಡುತ್ತಿರಬಹುದು. ಸತ್ತವಳಿಗೆ ಹೂವಿಡುವುದು ಸಲೀಸು. ಸೊಪ್ಪು ಕೊಳ್ಳುತ್ತಿರುವವಳನ್ನು ಕಂಡು, ಕರೆಯದೆ, ಅದೇ ಬಸ್ಸಿಗೆ ಹಿಂದಿರುಗುವವನ ಕವಿತೆಯನ್ನು ಬರೆಯುವುದು ಕಷ್ಟ. ಅದಕ್ಕೆ ಭರತನೂ ಹೆಸರಿಟ್ಟಿಲ್ಲ. ನಿಮ್ಮ ಕವಿತೆಯಲ್ಲಿ ಅವಳನ್ನು ಬದುಕಿಸಿ ನೋಡಿರಿ. ಬರೆಯುವುದಕ್ಕಾಗಿ ನಿಜವಾಗಿಯೂ ಬಳ್ಳಾರಿಗೆ ಹೋಗುವ ಅಗತ್ಯವಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಆಕೆಯ ಮನೆಯ ಬೀದಿಯಲ್ಲಿ ಸುಳಿದಾಡುವುದು ಕಾವ್ಯವಲ್ಲ, ಕಿರುಕುಳ.

ಪ್ರಶ್ನೆ: ಗಜಲ್ ಬರೆಯುವವರೆಲ್ಲ ಗೋರಿ, ಮಧುಬಟ್ಟಲು, ಪತಂಗ ಎನ್ನುತ್ತಾರೆ. ಬೇರೆ ಸಾಮಾನೇ ಇಲ್ಲವೇ? (ರಾಯಚೂರು)

ಉತ್ತರ: ಇದನ್ನು ರಾಯಚೂರಿನವರೇ ಕೇಳಿದ್ದು ಸಂತೋಷ. 1956ರವರೆಗೆ ನಿಮ್ಮ ಸೀಮೆ ಹೈದರಾಬಾದ್ ರಾಜ್ಯದ್ದಾಗಿದ್ದು, ಹಿಂದಿನ ತಲೆಮಾರು ಉರ್ದುವಿನಲ್ಲೇ ಅಕ್ಷರ ಕಲಿತಿತ್ತು. ಆ ಋಣದಿಂದಲೇ ಹೆಂಬೇರಾಳದ ಶಾಂತರಸರು ಗಜಲನ್ನು ಕನ್ನಡದ ಮಣ್ಣಿಗೆ ಇಳಿಸಿದರು. ನದಿಯ ಈಚೆ, ಮದರಾಸು ಪ್ರಾಂತದಲ್ಲಿದ್ದ ನಮ್ಮ ಬಳ್ಳಾರಿಗೆ ಆ ಭಾಗ್ಯ ಅಷ್ಟಾಗಿ ಇರಲಿಲ್ಲ. ರೂಪದೊಂದಿಗೆ ಪಾರಸಿಯ ಸಾಮಾನೂ ಬಂದಿತು, ಬಂದದ್ದು ತಪ್ಪಲ್ಲ. ಸಾಮಾನು ಉಳಿದು ರೂಪದ ಗುಟ್ಟು ಕೈತಪ್ಪಿದ್ದು ತಪ್ಪು.

ಗುಟ್ಟು ಇರುವುದು ರದೀಫಿನಲ್ಲಿ. ಗಜಲಿನ ದ್ವಿಪದಿಗೆ ಶೇರ್ ಎನ್ನುತ್ತಾರೆ. ಮೊದಲ ಶೇರಿನ ಎರಡೂ ಸಾಲುಗಳ ಕೊನೆಗೆ, ಆಮೇಲೆ ಪ್ರತಿ ಶೇರಿನ ಎರಡನೆಯ ಸಾಲಿನ ಕೊನೆಗೆ, ಒಂದೇ ಮಾತು ಮರಳಿ ಬರುತ್ತದೆ; ಅದರ ಹಿಂದೆ ಕಾಫಿಯಾದ ಪ್ರಾಸ. ಉದಾಹರಣೆಗೆಂದು ಈಗಲೇ ಕಟ್ಟುತ್ತೇನೆ, ದೊಡ್ಡ ಗಜಲೆಂದು ತಿಳಿಯಬೇಡಿ:

ಹೊಸ್ತಿಲ ಮುಂದೆ ರಂಗೋಲಿ ಹಾಗೇ ಉಳಿದಿತ್ತು, ದಾಟುವವರು ಇರಲಿಲ್ಲ
ಹೆಂಚಿನ ಮೇಲೆ ರೊಟ್ಟಿ ಉಬ್ಬಿ ನಿಂತಿತ್ತು, ಉಣ್ಣುವವರು ಇರಲಿಲ್ಲ

ಶೇರಿನಿಂದ ಶೇರಿಗೆ ವಿಷಯ ಬದಲಾಗಬಹುದು, ಆದರೆ ‘ಇರಲಿಲ್ಲ’ ತಪ್ಪುವುದಿಲ್ಲ. ಶೋಕದಲ್ಲಿ ಮನಸ್ಸು ನಡೆಯುವ ರೀತಿಯೂ ಇದೇ: ಏನೇ ಮಾತು ತೆಗೆದರೂ ತಿರುಗಿ ಅದೇ ಗೂಟಕ್ಕೆ ಬಂದು ನಿಲ್ಲುತ್ತದೆ. ಪೋನ ಹಕ್ಕಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದೂ ಈ ಕಾರಣಕ್ಕೇ. ಇದನ್ನು ತಿಳಿದವರು ಪತಂಗವಿಲ್ಲದೆಯೂ ಗಜಲ್ ಬರೆದಾರು. ಗೋರಿಯೇ ಬೇಕೆಂದರೆ, ನಮ್ಮ ಗೋರಿಗಳ ಮೇಲೆ ಬೆಳೆದಿರುವುದು ಪಾರಸಿಯ ಸರೂ ಮರವಲ್ಲ, ಬಳ್ಳಾರಿ ಜಾಲಿ. ಅದರ ಮುಳ್ಳು ಒಂದು ಶೇರಿಗಾದರೂ ಚುಚ್ಚಲಿ.

ಪ್ರಶ್ನೆ: ಪಿಯುಸಿ ಓದುವ ಮಗಳ ನೋಟುಪುಸ್ತಕದ ತುಂಬ ಸಾವಿನ ಕವಿತೆಗಳಿವೆ. ಪುಸ್ತಕವನ್ನು ಒಲೆಗೆ ಹಾಕಬೇಕೆನ್ನುವಷ್ಟು ಭಯವಾಗಿದೆ. ಏನು ಮಾಡಲಿ? (ಕೊಪ್ಪಳ)

ಉತ್ತರ: ತಾಯಿ, ಮೊದಲು ಆ ಪುಸ್ತಕವನ್ನು ಇದ್ದಲ್ಲಿಯೇ ಇಡಿರಿ. ಹದಿನೇಳರ ವಯಸ್ಸಿನಲ್ಲಿ ಸಾವಿನ ಕುರಿತು ಬರೆಯುವವರು ಬಹಳ. ನಾನೂ ಬರೆದಿದ್ದೆ, ಮೊಮ್ಮಕ್ಕಳನ್ನು ಆಡಿಸುತ್ತ ಇಲ್ಲಿ ಕುಳಿತಿದ್ದೇನೆ. ಕವಿತೆಯೊಂದನ್ನೇ ರೋಗದ ಲಕ್ಷಣವೆಂದು ತಿಳಿಯಬೇಕಿಲ್ಲ. ಆದರೆ ಕವಿತೆಯಿಂದ ಕಣ್ಣೆತ್ತಿ ಹುಡುಗಿಯನ್ನು ನೋಡಿರಿ. ನಿದ್ದೆ ಕೆಟ್ಟಿದೆಯೇ, ಊಟ ಬಿಟ್ಟಿದ್ದಾಳೆಯೇ, ಗೆಳತಿಯರಿಂದ ದೂರವಾಗಿದ್ದಾಳೆಯೇ, ಪ್ರೀತಿಯ ವಸ್ತುಗಳನ್ನು ಇತರರಿಗೆ ಕೊಡುತ್ತಿದ್ದಾಳೆಯೇ, ‘ನಾನಿಲ್ಲದಿದ್ದರೇ ಚೆಂದ’ ಎಂಬಂಥ ಮಾತು ಬಾಯಿಂದ ಬಂದಿದೆಯೇ? ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯೇನವ್ವ?’ ಎಂದು ನೇರವಾಗಿ, ಮೆಲ್ಲಗೆ ಕೇಳಿರಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆಂಬ ಅಂಜಿಕೆ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದೇ ಮನೋವೈದ್ಯರು ಹೇಳುತ್ತಾರೆ. ಅವಳನ್ನು ಒಂಟಿಯಾಗಿ ಬಿಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ. ನಿಮ್ಮ ಭಯಕ್ಕೂ ಅಲ್ಲಿಗೆ ಕರೆ ಮಾಡಬಹುದು.

ಅಂಥದ್ದೇನೂ ಇಲ್ಲವೆಂದು ತಿಳಿದರೆ, ಕದ್ದು ಓದಿದ್ದನ್ನು ಒಪ್ಪಿಕೊಂಡು, ಒಂದು ಕವಿತೆಯನ್ನು ಅವಳೇ ಓದಿ ಹೇಳುವಂತೆ ಕೇಳಿರಿ. ಸಿಟ್ಟಾಗುತ್ತಾಳೆ, ಎರಡು ದಿನ ಮಾತು ಬಿಡುತ್ತಾಳೆ, ಆಮೇಲೆ ಓದಬಹುದು.

ಪ್ರಶ್ನೆ: ನಮ್ಮೂರಿನ ಮುದುಕಿಯರು ಸಾವಿನ ಮನೆಯಲ್ಲಿ ಹಾಡ್ಯಾಡಿಕೊಂಡು ಅಳುತ್ತಾರೆ. ಆ ಪದಗಳು ಅವರೊಂದಿಗೇ ಹೋಗುತ್ತಿವೆ. ಬರೆದಿಡುವುದು ಸರಿಯೇ? ಅದನ್ನು ಕಾವ್ಯವೆನ್ನಬಹುದೇ? (ಕುಷ್ಟಗಿ)

ಉತ್ತರ: ಎನ್ನಬಹುದು. ಹೆಣದ ಮುಂದೆ ರಾತ್ರಿಯಿಡೀ ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡುವ ಭಜನೆಯವರ ಸಾಹಿತ್ಯಕ್ಕೆ ಸಂಕಲನಗಳಾಗಿವೆ. ಮಗ್ಗುಲಲ್ಲೇ ಕುಳಿತು ಅಳುವ ಹೆಂಗಸರ ಪದಗಳಿಗೆ ಆ ಮರ್ಯಾದೆ ಅಷ್ಟಾಗಿ ಸಿಕ್ಕಿಲ್ಲ. ಭಜನೆಯ ಪದ ಸತ್ತವರೆಲ್ಲರಿಗೂ ಒಪ್ಪುತ್ತದೆ, ದೇಹವನ್ನು ಬಾಡಿಗೆಯ ಮನೆಯೆನ್ನುತ್ತದೆ. ಅಳುವ ಪದ ಒಬ್ಬರಿಗೆ ಮಾತ್ರ ಸಲ್ಲುತ್ತದೆ, ಆ ಮನೆಯ ಗೂಟ, ಗಡಿಗೆಗಳನ್ನೇ ಹೆಸರಿಸುತ್ತದೆ.

ಹೇಗೆ ಬರೆದಿಡಬೇಕು ಎಂಬುದಕ್ಕೆ ನನ್ನ ಪೆದ್ದುತನವನ್ನೇ ಹೇಳುತ್ತೇನೆ. ನಾನು ಅಧ್ಯಾಪಕನಾಗಿದ್ದ ಹೊಸದರಲ್ಲಿ, ಅಳುವ ಪದಕ್ಕೆ ಹೆಸರಾಗಿದ್ದ ಒಬ್ಬ ಅಜ್ಜಿಯ ಮನೆಗೆ ಮಟಮಟ ಮಧ್ಯಾಹ್ನ ಹೋಗಿ, ಟೇಪ್ ರೆಕಾರ್ಡರ್ ಕಟ್ಟೆಯ ಮೇಲಿಟ್ಟು, ಒಂದು ಪದ ಹೇಳೆಂದು ಕೇಳಿದೆ. ಆಕೆ ಶೇಂಗಾ ಒಡೆಯುವುದನ್ನು ನಿಲ್ಲಿಸದೆ, ‘ಸುಮ್‌ಸುಮ್ಕ ಹಂಗ ಅಳಬಾರ್ದಪಾ, ಮನ್ಯಾಗ ಎಲ್ಲಾರೂ ಚೊಲೊ ಅದಾರ’ ಎಂದಳು. ಒಂದು ಹಿಡಿ ಶೇಂಗಾ ಕೊಟ್ಟು ಕಳಿಸಿದಳು. ಎರಡು ವರ್ಷಗಳ ನಂತರ ಆಕೆಯ ಗಂಡ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಆಕೆ ಹೆಣದ ಕಾಲ ಹತ್ತಿರ ಕುಳಿತು ಲೆಕ್ಕ ಒಪ್ಪಿಸುವವಳಂತೆ ಹಾಡುತ್ತಿದ್ದಳು: ಬಾರಕೋಲು ಗೂಟದಾಗ ಐತಿ, ರುಮಾಲು ಬಿಸಲಿಗೆ ಹಾಕೇನಿ, ಎತ್ತು ಬಾಗಲ ಕಡೆ ನೋಡಾಕತ್ತಾವು, ಎಲ್ಲಿಗೆ ಹೊಂಟಿ ಹೇಳಿ ಹೋಗು. ಅಂಗಳದ ಎತ್ತುಗಳು ನಿಜವಾಗಿಯೂ ಬಾಗಿಲ ಕಡೆಗೇ ಮುಖ ಮಾಡಿ ನಿಂತಿದ್ದವು.

ಅಂದು ನನ್ನ ಚೀಲದಲ್ಲಿ ಟೇಪ್ ರೆಕಾರ್ಡರ್ ಇತ್ತು, ಹೊರಗೆ ತೆಗೆಯಲಿಲ್ಲ. ಮೇಲಿನ ಸಾಲುಗಳು ನೆನಪಿನಲ್ಲಿ ಉಳಿದಷ್ಟು. ನೀವು ಸತ್ತವರ ದಿನಕಾರ್ಯಗಳೆಲ್ಲ ಮುಗಿಯುವವರೆಗೆ ಕಾಯಿರಿ, ಹಾಡಿದವರನ್ನೂ ಮನೆಯವರನ್ನೂ ಕೇಳಿರಿ, ಒಪ್ಪಿದರೆ ಮನೆಯೊಳಗಲ್ಲದೆ ಹೊಲದಲ್ಲೋ ಗುಡಿಯ ಕಟ್ಟೆಯಲ್ಲೋ ಹೇಳಿಸಿಕೊಳ್ಳಿರಿ. ಬರೆಯುವಾಗ ಅವರ ಆಡುಮಾತನ್ನು ಪುಸ್ತಕದ ಭಾಷೆಗೆ ತಿದ್ದಬೇಡಿ. ಸತ್ತವರ ಹೆಸರಿನ ಜಾಗವನ್ನು ಖಾಲಿ ಬಿಡಿರಿ.